ತಪ್ಪು ಲೆಕ್ಕದ ಪ್ರತಿಗಳು

ಒಂದು ಭಾನುವಾರ ಬೆಳಿಗ್ಗೆ ನಮ್ಮನೆ ಕಂಪ್ಯೂಟರು ಏಳಲೇ ಇಲ್ಲ. ಗುಂಡಿ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತಿತ್ತು, ಯಾರೋ ಉಗುರಿನಿಂದ ತಗಡು ಬಡಿದ ಹಾಗೆ ಟಿಕ್ ಟಿಕ್ ಅನ್ನುತ್ತಿತ್ತು, ಪರದೆ ಮಾತ್ರ ಕಪ್ಪು. ಆರಿಸಿ, ಹಾಕಿ, ಮತ್ತೆ ಆರಿಸಿ ಹಾಕಿದ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಎದ್ದು ಕೂತಿತು.

ಆ ಪೆಟ್ಟಿಗೆಯೊಳಗೆ ನನ್ನ ಗಂಡನ ಪಾಠಗಳಿದ್ದವು. ಅವರು ಪಿ.ಜೆ. ಬಡಾವಣೆಯಲ್ಲಿ ಒಂದು ಮಹಡಿ ಬಾಡಿಗೆ ಹಿಡಿದು ಪಿಯುಸಿ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದವರು. ಕೊರೊನಾ ಬಂದು ಎಲ್ಲ ಮುಚ್ಚಿದಾಗ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆಗೇ ಕರಿಹಲಗೆ ತಂದು ನೇತುಹಾಕಿ, ಎದುರಿಗೆ ಕ್ಯಾಮೆರಾ ಇಟ್ಟು ಪಾಠ ಮಾಡಿ, ಅದನ್ನು ಮಕ್ಕಳಿಗೆ ಕಳಿಸುತ್ತಿದ್ದರು. ಮಕ್ಕಳು ಮತ್ತೆ ಟ್ಯೂಷನ್ನಿಗೆ ಬರತೊಡಗಿದ ಕೆಲ ಕಾಲಕ್ಕೆ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು. ಈಗ ಅವರು ಉಸಿರಾಡುವುದು ಕುತ್ತಿಗೆಯ ಕೆಳಗಿನ ರಂಧ್ರದಿಂದ. ಅದಕ್ಕೊಂದು ತೆಳ್ಳನೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಮಾತಾಡಲಿಕ್ಕೆ ಆಸ್ಪತ್ರೆಯವರು ಒಂದು ಯಂತ್ರ ಕೊಟ್ಟಿದ್ದರು. ಅದನ್ನು ಗದ್ದದ ಕೆಳಗೆ ಒತ್ತಿ ಒಮ್ಮೆ ನನ್ನ ಹೆಸರು ಕರೆದರು. ಸ್ಟೇಷನ್ ಸಿಗದ ರೇಡಿಯೋದ ಹಾಗೆ ಗುಂಯ್ ಎಂದಿತು. ಅದನ್ನು ಡಬ್ಬಿಗೆ ಹಾಕಿಟ್ಟವರು ಮತ್ತೆ ತೆಗೆಯಲಿಲ್ಲ. ಹೇಳುವುದನ್ನು ಮೊಬೈಲಿನಲ್ಲಿ ಬರೆದು ತೋರಿಸುತ್ತಾರೆ. ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾರೆ.

ಟ್ಯೂಷನ್ ನಿಂತ ಮೇಲೆ ಅವರು ಕಂಪ್ಯೂಟರಿನ ಹತ್ತಿರ ಸುಳಿಯಲಿಲ್ಲ. ನಾನು ಮಾತ್ರ, ಕಾಲೇಜಿನ ಲೈಬ್ರರಿ ಕೆಲಸ ಮುಗಿಸಿ ಬಂದ ಮೇಲೆ, ಆ ಕೋಣೆಯ ಬಾಗಿಲು ಹಾಕಿಕೊಂಡು ಯಾವುದಾದರೊಂದು ಪಾಠ ಹಚ್ಚಿಕೊಂಡು ಕೂರುತ್ತಿದ್ದೆ. ನನಗೆ ಗಣಿತ ಬರುವುದಿಲ್ಲ. "ನೋಡ್ರಪ್ಪಾ, ಇಲ್ಲಿ ಸ್ವಲ್ಪ ಲಕ್ಷ್ಯ ಕೊಡ್ರಿ" ಅನ್ನುತ್ತಾರಲ್ಲ, ಅಷ್ಟು ಕೇಳಿದರೆ ಸಾಕಾಗುತ್ತಿತ್ತು.

ಪೆಟ್ಟಿಗೆಯನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಕಿವಿ ಹಚ್ಚಿ ಕೇಳಿ, "ಹಾರ್ಡ್ ಡಿಸ್ಕ್ ಹಳೇದಾಗೇತ್ರಿ ಮೇಡಂ. ನಡಿಯೋತನ ನಡಿತೈತೆ, ಹೆಚ್ಚು ಭಾರ ಹಾಕ್ಬ್ಯಾಡ್ರಿ. ಬ್ಯಾಕಪ್ ಐತೇನ್ರಿ?" ಅಂದರು.

"ಇಲ್ಲ. ಹೆಂಗೆ ಮಾಡ್ಬೇಕು?"

"ನಿಮಗೆ ಹೆಂಗೆ ಬೇಕೋ ಹಂಗೆ. ಪೆನ್ ಡ್ರೈವ್ ಐತೆ, ಹೊರಗಿಂದ ಹಚ್ಚೋ ಹಾರ್ಡ್ ಡಿಸ್ಕ್ ಐತೆ, ಕ್ಲೌಡ್ ಐತೆ. ಯಾವುದು ಬೇಕ್ರಿ?"

"ಯಾವುದು ಒಳ್ಳೇದು?"

"ಎಲ್ಲಾ ಒಳ್ಳೇವೇ. ಎಲ್ಲಾ ಕೆಡ್ತಾವು ಕೂಡ" ಅಂದರು ಅವರು, ಬೇಸರವಿಲ್ಲದೆ. "ಒಂದು ಕೆಲಸ ಮಾಡ್ರಿ. ಒಂದು ಕಾಪಿ ಬೇರೆ ಊರಾಗ ಇರ್ಲಿ. ಮನಿಗೇ ಏನಾರ ಆದ್ರೆ?"

ಮನೆಗೇ ಏನಾದರೂ ಆದರೆ ಪಾಠ ಕೇಳಲು ನಾನಾದರೂ ಎಲ್ಲಿರುತ್ತೇನೆ ಎಂದು ಕೇಳಬೇಕೆನಿಸಿತು.

ಮರುದಿನ ಕಾಲೇಜಿನಲ್ಲಿ ವಿಚಾರಿಸಿದೆ. ಆಫೀಸಿನ ಗುಮಾಸ್ತರು ಹೊರಗಿನ ಡಿಸ್ಕೇ ಭದ್ರ ಅಂದರು. ಅವರ ಪಕ್ಕದಲ್ಲಿ ಕೂರುವವರು, ತಮ್ಮ ಡಿಸ್ಕು ಮೇಜಿನಿಂದ ಒಮ್ಮೆ ಕೆಳಗೆ ಬಿದ್ದದ್ದೇ ಮಗಳ ಮದುವೆ ವಿಡಿಯೊ ಹೋಯಿತು ಅಂದರು. ಇತಿಹಾಸದ ಮೇಡಂ, "ನಾನು ಎಲ್ಲಾ ನನಗೇ ಮೇಲ್ ಮಾಡ್ಕೊಂತೀನಿ" ಅಂದರು. ಇನ್ನೊಬ್ಬರು ಸಿಡಿ ಅಂದರು. ಸಿಡಿ ಹಾಕುವ ಬಾಯಿ ಈಗಿನ ಕಂಪ್ಯೂಟರಿಗೆ ಇರುವುದೇ ಇಲ್ಲ ಎಂದು ಮತ್ತೊಬ್ಬರು ನಕ್ಕರು. ನನ್ನ ಲೈಬ್ರರಿಯಲ್ಲಿ ಒಂದೇ ಪುಸ್ತಕದ ಐದು ಪ್ರತಿ ಇದ್ದರೂ ಪ್ರತಿಯೊಂದಕ್ಕೂ ತನ್ನದೇ ನಂಬರು, ತನ್ನದೇ ಜಾಗ ಇರುತ್ತದೆ. ಇಲ್ಲಿ ಪ್ರತಿಗೂ ಮೂಲಕ್ಕೂ ಒಂದೇ ಹೆಸರು, ಒಂದೇ ಮುಖ. ಪ್ರತಿ ಮಾಡಿದ ಮೇಲೆ ಯಾವುದು ಯಾವುದು ಎಂದು ಗುರುತು ಹಿಡಿಯುವುದು ಹೇಗೆ?

ಕಡೆಗೆ ಗಂಡನನ್ನೇ ಕೇಳಿದೆ. "ನಿಮ್ಮ ಪಾಠಗಳನ್ನ ಬೇರೆ ಕಡೆ ಇಡಬೇಕಂತೆ. ಏನು ಮಾಡ್ಲಿ?"

ಅವರು ಮೊಬೈಲಿನಲ್ಲಿ ಬರೆದು ತೋರಿಸಿದರು. "ಏನೂ ಬ್ಯಾಡ. ಹೋದ್ರೆ ಹೋಗ್ಲಿ."

ತಮ್ಮ ದನಿ ತಮಗೇ ಸಂಕಟ ಕೊಡುತ್ತದೆ, ಅದಕ್ಕೇ ಹೀಗೆ ಅನ್ನುತ್ತಾರೆ ಎಂದುಕೊಂಡೆ. ಮತ್ತೆ ಆ ವಿಷಯ ಎತ್ತಲಿಲ್ಲ. ಅವರಿಗೆ ಹೇಳದೆ ನಾನೇ ಮಾಡುವುದೆಂದು ನಿಶ್ಚಯಿಸಿದೆ.

ದೊಡ್ಡದೊಂದು ಪೆನ್ ಡ್ರೈವ್ ತಂದೆ. ಪರದೆಯ ಮೇಲೆ "ಪಾಠಗಳು" ಎಂಬ ಹಳದಿ ಫೋಲ್ಡರು ಇತ್ತು. ಅದರ ಮೂಲೆಯಲ್ಲಿ ಸಣ್ಣದೊಂದು ಬಾಣದ ಗುರುತು. ಅದನ್ನು ಕಾಪಿ ಮಾಡಿ ಪೆನ್ ಡ್ರೈವಿಗೆ ಹಾಕಿದೆ. ಕಣ್ಣು ಮಿಟುಕಿಸುವುದರೊಳಗೆ ಆಗಿಹೋಯಿತು. ಒಳ್ಳೆಯ ಪೆನ್ ಡ್ರೈವ್ ಕೊಟ್ಟಿದ್ದಾರೆ ಅನ್ನಿಸಿತು. ತೆರೆದು ನೋಡಿದರೆ ಎಲ್ಲ ಪಾಠಗಳೂ ಸಾಲಾಗಿ ಇದ್ದವು. ಒಂದನ್ನು ಒತ್ತಿದೆ. "ನೋಡ್ರಪ್ಪಾ" ಅಂದರು ಅವರು.

ಬೇರೆ ಊರು ಎಂದರೆ ನಮಗೆ ಹರಿಹರ. ನನ್ನ ತಂಗಿಯ ಮನೆ ಅಲ್ಲಿ, ಹೊಳೆಯ ಕಡೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿದೆ. ತಂಗಿ ಮಂಡಕ್ಕಿ ಒಗ್ಗರಣೆ ಮಾಡಿ ಕೊಟ್ಟಳು. ಅವಳ ಗಂಡ ಯಾವುದನ್ನೂ ಪರೀಕ್ಷೆ ಮಾಡಿಯೇ ನಂಬುವ ಮನುಷ್ಯ. "ಬೀರುವಿನಾಗ ಇಡೋಕ್ಕಿಂತ ಮೊದಲು ಒಂದ್ಸಲ ನೋಡೋಣ" ಎಂದು ಪೆನ್ ಡ್ರೈವನ್ನು ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಫೋಲ್ಡರು ಕಂಡಿತು. ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ನೀವು ಕೇಳಿದ ಜಾಗ ಸಿಗುತ್ತಿಲ್ಲ.

"ಯಾವ ಜಾಗ?" ತಂಗಿ ಕೇಳಿದಳು.

"ಗೊತ್ತಿಲ್ಲ" ಅಂದೆ. "ಮನ್ಯಾಗ ಚಲೋ ಬರ್ತಿತ್ತಲ್ಲ."

ಅವರು ತೆಗೆದು, ಒರೆಸಿ, ಊದಿ, ಮತ್ತೆ ಚುಚ್ಚಿದರು. ಅದೇ ಸಾಲು. ಮಂಡಕ್ಕಿ ಮೆತ್ತಗಾಗುವವರೆಗೂ ಮೂವರೂ ಅದನ್ನೇ ನೋಡಿದೆವು. ನಾನು ಪೆನ್ ಡ್ರೈವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ವಾಪಸ್ ಬಂದೆ. ಮನೆಗೆ ಬಂದು ಹಾಕಿದರೆ ಎಲ್ಲ ಸರಿಯಾಗಿದೆ. ಫೋನು ಮಾಡಿದೆ.

"ಇಲ್ಲಿ ಬರ್ತೈತೆ" ಅಂದೆ.

ತಂಗಿಯ ಗಂಡ, "ಹಂಗಾದ್ರೆ ಕೆಟ್ಟಿರೋದು ನಮ್ಮ ಕಂಪ್ಯೂಟರೇ" ಅಂದರು. ಪಾಪ, ಅದನ್ನು ಸೋಮವಾರವೇ ರಿಪೇರಿಗೆ ಕೊಟ್ಟರು. ಏನೂ ಕೆಟ್ಟಿಲ್ಲ ಎಂದು ಅಂಗಡಿಯವನು ಹೇಳಿದಾಗ ಅವರಿಗೂ ನನ್ನಷ್ಟೇ ಗೊಂದಲವಾಯಿತು.

"ಪೆನ್ ಡ್ರೈವ್ ಇರ್ಲಿ, ಅಕ್ಕ. ಕ್ಲೌಡಿಗೂ ಹಾಕಿಬಿಡ್ರಿ" ಅಂದರು. ಫೋನಿನಲ್ಲೇ ಒಂದೊಂದು ಗುಂಡಿ ಹೇಳಿಕೊಟ್ಟರು. ಪಾಠಗಳ ಫೋಲ್ಡರನ್ನು ಕ್ಲೌಡಿಗೆ ಜೋಡಿಸಿದರೆ ಸಾಕು, ತಾನೇ ಮೇಲೇರುತ್ತದೆ ಅಂದರು. ಏರಿತು, ಆದರೆ ವಾರಗಟ್ಟಲೆ ಏರಿತು. ಪೆನ್ ಡ್ರೈವಿಗೆ ಕ್ಷಣದಲ್ಲಿ ಹೋದದ್ದು ಇಲ್ಲಿ ಇಷ್ಟು ನಿಧಾನ ಯಾಕೆ ಎಂದು ಕೇಳಿದ್ದಕ್ಕೆ, "ಮೋಡ ದೂರ ಐತಲ್ರಿ" ಅಂದರು. ನಕ್ಕುಬಿಟ್ಟೆ. ಆಗಲೇ ಅನುಮಾನ ಬರಬೇಕಿತ್ತು.

ಕೊನೆಗೆ ಪಾಠಗಳೆಲ್ಲ ನನ್ನ ಮೊಬೈಲಿನಲ್ಲೂ ಕಾಣಿಸಿಕೊಂಡವು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ತ್ರಿಕೋನಮಿತಿ ಕೇಳಿದೆ. ಪಕ್ಕದ ಹೆಂಗಸು ಇವರೇನು ಪರೀಕ್ಷೆ ಕಟ್ಟಿದ್ದಾರಾ ಎಂಬಂತೆ ನೋಡಿದಳು.

ಈಗ ಪಾಠ ಕಂಪ್ಯೂಟರಿನಲ್ಲಿದೆ, ಪೆನ್ ಡ್ರೈವಿನಲ್ಲಿದೆ, ಕ್ಲೌಡಿನಲ್ಲಿದೆ. ಹಳೆಯ ಡಿಸ್ಕಿನ ಮೇಲೆ ಹೆಚ್ಚು ಭಾರ ಹಾಕಬೇಡಿ ಎಂದು ಅಂಗಡಿಯವರು ಹೇಳಿದ್ದು ನೆನಪಿತ್ತು. ಒಂದು ರಜೆಯ ದಿನ ಕೂತು, ಕಂಪ್ಯೂಟರಿನೊಳಗಿನ ಪಾಠಗಳನ್ನೆಲ್ಲ ಫೋಲ್ಡರಿನ ಸಮೇತ ಅಳಿಸಿದೆ. ಅಳಿಸಿದ್ದು ಕಸದ ಬುಟ್ಟಿಯಲ್ಲಿ ಉಳಿಯುತ್ತದೆಂದು ಗೊತ್ತಿದ್ದರಿಂದ ಆ ಬುಟ್ಟಿಯನ್ನೂ ಖಾಲಿ ಮಾಡಿದೆ. ಮನೆ ಗುಡಿಸಿದಷ್ಟು ಹಗುರವಾಯಿತು.

ಆಮೇಲೆ ಸುಮ್ಮನೆ ಒಂದು ಪಾಠ ಕೇಳೋಣವೆಂದು ಮೊಬೈಲು ತೆರೆದೆ. ಪಾಠಗಳ ಫೋಲ್ಡರೇ ಇರಲಿಲ್ಲ. ಮುಚ್ಚಿ ತೆರೆದೆ. ಇಲ್ಲ. ಹೋಗಲಿ, ಪೆನ್ ಡ್ರೈವ್ ಇದೆಯಲ್ಲ ಎಂದು ಕಂಪ್ಯೂಟರಿಗೆ ಹಾಕಿ ಒತ್ತಿದೆ. ಹರಿಹರದಲ್ಲಿ ಬಂದ ಅದೇ ಸಾಲು ಈಗ ನಮ್ಮನೆಯಲ್ಲೂ ಬಂತು: ನೀವು ಕೇಳಿದ ಜಾಗ ಸಿಗುತ್ತಿಲ್ಲ.

ನನಗೆ ಏನೊಂದೂ ತಿಳಿಯಲಿಲ್ಲ. ನಾನು ಅಳಿಸಿದ್ದು ಒಂದು ಕಡೆ. ಮೂರೂ ಕಡೆ ಹೇಗೆ ಹೋಯಿತು? ಪೆನ್ ಡ್ರೈವು ಅಳಿಸುವಾಗ ನನ್ನ ಚೀಲದಲ್ಲಿತ್ತು. ಚೀಲದೊಳಗಿದ್ದದ್ದನ್ನು ಕಂಪ್ಯೂಟರು ಹೇಗೆ ಅಳಿಸಿತು? ಕುರ್ಚಿಯಲ್ಲಿ ಕೂತೇ ಇದ್ದೆ. ಅಡುಗೆಮನೆಯಿಂದ ಚಪ್ಪಾಳೆ ಕೇಳಿತು. ಇನ್ನೊಮ್ಮೆ ತಟ್ಟಿ, ನಾನು ಬಾರದ್ದು ನೋಡಿ ಅವರೇ ಬಾಗಿಲು ತಳ್ಳಿ ಒಳಗೆ ಬಂದರು.

"ನಿಮ್ಮ ಪಾಠ ಎಲ್ಲಾ ಹೋದವ್ರಿ" ಅಂದೆ. "ನಾನೇ ಕಳೆದೆ."

ಅವರು ನನ್ನ ಮುಖ ನೋಡಿದರು, ಪರದೆ ನೋಡಿದರು. ನನ್ನನ್ನು ಎಬ್ಬಿಸಿ, ಆಪರೇಷನ್ ಆದ ಮೇಲೆ ಮೊದಲ ಸಲ ಆ ಕುರ್ಚಿಯಲ್ಲಿ ಕೂತರು. ಏನೇನು ಮಾಡಿದೆ ಎಂದು ಕೈಸನ್ನೆಯಲ್ಲೇ ಕೇಳಿದರು. ಮೊದಲಿನಿಂದ ಹೇಳಿದೆ. ಹರಿಹರದ ಸಂಗತಿ ಬಂದಾಗ ಅವರ ಭುಜ ಅಲುಗತೊಡಗಿತು. ಕುತ್ತಿಗೆಯ ಬಟ್ಟೆ ಸುಯ್ ಸುಯ್ ಎಂದು ಹಾರುತ್ತಿತ್ತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು.

ಪೆನ್ ಡ್ರೈವಿನಲ್ಲಿದ್ದ ಫೋಲ್ಡರಿನ ಮೂಲೆಯ ಬಾಣಕ್ಕೆ ಬೆರಳಿಟ್ಟು ತೋರಿಸಿ, ಮೊಬೈಲಿನಲ್ಲಿ ಬರೆದರು. "ಇದು ಪಾಠ ಅಲ್ಲ. ಪಾಠ ಎಲ್ಲೈತೆ ಅನ್ನೋ ವಿಳಾಸ. ನೀನು ಹರಿಹರಕ್ಕೆ ಬರೀ ವಿಳಾಸ ಒಯ್ದಿದ್ದೆ."

ಇಷ್ಟು ವರ್ಷ ಲೈಬ್ರರಿಯಲ್ಲಿದ್ದು, ಪುಸ್ತಕ ಬಿಟ್ಟು ಅದರ ಕಾರ್ಡನ್ನು ಮಾತ್ರ ಜೋಪಾನ ಮಾಡಿದ್ದೆ. ಕ್ಲೌಡಿನದು ಬೇರೆಯೇ ಗೋಳು. ಅದು ಪ್ರತಿ ಇಡುವುದಿಲ್ಲವಂತೆ, ಕನ್ನಡಿ ಹಿಡಿಯುತ್ತದಂತೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅವರು ಬರೆಯುತ್ತ ಹೋದರು, ನಾನು ತಲೆಯಾಡಿಸುತ್ತ ಹೋದೆ. ಎಲ್ಲ ಅರ್ಥವಾಯಿತೆಂದು ಈಗಲೂ ಹೇಳಲಾರೆ. ಆದರೆ ಕ್ಲೌಡಿಗೂ ತನ್ನದೇ ಕಸದ ಬುಟ್ಟಿ ಇದೆ, ಅದನ್ನು ನಾನು ಕಂಡಿರಲಿಲ್ಲ, ಹಾಗಾಗಿ ಖಾಲಿ ಮಾಡಿರಲಿಲ್ಲ. ಅವರು ಅಲ್ಲಿಂದ ಒಂದೊಂದೇ ಪಾಠವನ್ನು ಹೊರಗೆ ತೆಗೆದರು. ಪರದೆಯ ಮೇಲೆ ಹೆಸರುಗಳು ಮರಳಿ ಬರುವಾಗ ನಾನು ಅವರ ಹೆಗಲು ಹಿಡಿದುಕೊಂಡು ನಿಂತಿದ್ದೆ.

"ಮತ್ತೆ ಯಾಕ ಹೋದ್ರೆ ಹೋಗ್ಲಿ ಅಂದ್ರಿ?" ಕೇಳಿದೆ.

ಅವರು ಒಂದು ಪಾಠ ತೆರೆದು, ಸರಸರನೆ ಮುಂದಕ್ಕೋಡಿಸಿ, ಹಲಗೆಯ ತುಂಬ ಲೆಕ್ಕವಿದ್ದ ಕಡೆ ನಿಲ್ಲಿಸಿದರು. ಒಂದು ಸಾಲಿಗೆ ಬೆರಳಿಟ್ಟು, ಮೊಬೈಲಿನಲ್ಲಿ ಬರೆದರು. "ಇಲ್ಲಿ ಪ್ಲಸ್ ಬರಬೇಕು. ಮೈನಸ್ ಬರ್ದೀನಿ. ಉತ್ತರ ತಪ್ಪು. ಇದನ್ನ ಊರೂರಿನಾಗ ಇಡ್ತೀಯಾ?"

ಇಷ್ಟು ದಿನ ಅವರ ನೋವೆಂದು ನಾನು ಬಾಗಿಲು ಹಾಕಿಕೊಂಡಿದ್ದು ಒಂದು ಮೈನಸ್ಸಿಗಾಗಿ.

"ಒಂದು ಗೆರೆಗೋಸ್ಕರ ಎಲ್ಲಾ ಹೋಗ್ಲಿ ಅಂದ್ರೆ ಹೆಂಗ್ರಿ?"

"ಆ ಹುಡುಗರು ಹಂಗೇ ಕಲ್ತಿರ್ತಾರೆ. ತಿದ್ದೋಣ ಅಂದ್ರೆ ಬಾಯಿಲ್ಲ."

"ನಾನು ಕೇಳೋದು ಲೆಕ್ಕ ಅಲ್ರಿ" ಅಂದೆ.

ಅವರು ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು. "ಗೊತ್ತು. ಬಾಗಿಲು ಹಾಕಿದ್ರೂ ಕೇಳ್ತೈತೆ."

ಮುಂದಿನ ಭಾನುವಾರ ಕರಿಹಲಗೆ ಒರೆಸಿದೆವು. ಅವರು ಬರೆಯುವುದು, ನಾನು ಓದುವುದು ಎಂದು ನಿಶ್ಚಯವಾಯಿತು. ಹೇಳಬೇಕಾದ್ದನ್ನೆಲ್ಲ ಅವರು ಮೊದಲೇ ಟೈಪ್ ಮಾಡಿ ಕೊಟ್ಟಿದ್ದರು. ನಾನು ಕ್ಯಾಮೆರಾದ ಹಿಂದೆ ನಿಂತು ಓದಿದೆ: "ಈಗ ಈ ಪದವನ್ನು ಬಲಗಡೆಗೆ ತಂದಾಗ ಅದರ ಚಿಹ್ನೆ ಬದಲಾಗುತ್ತದೆ." ಯಾವ ಪದ, ಯಾಕೆ ಬದಲಾಗುತ್ತದೆ, ನನಗೆ ತಿಳಿಯದು. ಎರಡು ಕಡೆ ಸಾಲು ತಪ್ಪಿಸಿ ಓದಿದೆ. ಅವರು ಹಲಗೆಗೆ ಬೆನ್ನು ಹಾಕಿ ಚಪ್ಪಾಳೆ ತಟ್ಟಿದರು. ಮತ್ತೆ ಮೊದಲಿನಿಂದ ಶುರು. ಮೂರು ಮಿನಿಟಿನ ಪಾಠಕ್ಕೆ ಇಡೀ ಬೆಳಿಗ್ಗೆ ಬೇಕಾಯಿತು. ಉತ್ತರದ ಕೆಳಗೆ ಎರಡು ಗೆರೆ ಎಳೆದು, ಸೀಮೆಸುಣ್ಣದ ಕೈಯನ್ನು ಅಂಗಿಗೇ ಒರೆಸಿಕೊಂಡರು. ನಾನು ಬೈಯಲಿಲ್ಲ.

ತಪ್ಪಿದ್ದ ಹಳೆಯ ಪಾಠವನ್ನು ಅಳಿಸುವುದೆಂದು ಅವರು, ಬೇಡವೆಂದು ನಾನು. ಕಡೆಗೆ ಅದರ ಹೆಸರಿನ ಮುಂದೆ "ತಪ್ಪು" ಎಂದು ಸೇರಿಸಿ ಉಳಿಸಿಕೊಂಡೆವು. ಹೊರಗಿನ ಡಿಸ್ಕೊಂದನ್ನು ತಂದು, ಅದಕ್ಕೆ ಎಲ್ಲವನ್ನೂ ಅವರೇ ಹಾಕಿದರು. ಇನ್ನೊಂದು ಪ್ರತಿಯನ್ನು ಹರಿಹರಕ್ಕೆ ಇಬ್ಬರೂ ಹೋಗಿ ಕೊಟ್ಟು, ಅಲ್ಲಿಯೇ ತೆರೆದು ನೋಡಿ ಬಂದೆವು. ದನಿ ಕೇಳಿದ್ದೇ ತಂಗಿಯ ಗಂಡ, ಮೇಷ್ಟ್ರು ತರಗತಿಗೆ ಬಂದ ಹಾಗೆ, ಎದ್ದು ನಿಂತು ಪರದೆ ನೋಡಿದರು.

ಈಗ ನಮ್ಮನೆಯಲ್ಲಿ ಸಂಜೆಯ ಹೊತ್ತು ಹೊಸ ಲೆಕ್ಕಗಳು ನಡೆಯುತ್ತವೆ. ಒಂದು ತಪ್ಪು ತಿದ್ದಲು ಹೋಗಿ ಅವರಿಗೆ ಇನ್ನೂ ಹಲವು ಸಿಕ್ಕಿವೆ. ಪ್ರತಿ ಸಲ ಉಳಿಸುವಾಗಲೂ ಕಂಪ್ಯೂಟರು ಕೇಳುತ್ತದೆ: ಇದೇ ಹೆಸರಿನದು ಆಗಲೇ ಇದೆ, ಹಳೆಯದನ್ನು ಬದಲಿಸಲೋ, ಎರಡನ್ನೂ ಇಟ್ಟುಕೊಳ್ಳಲೋ? ಅವರು ಪಕ್ಕದಲ್ಲಿಲ್ಲದಿದ್ದರೆ ನಾನು ಎರಡನ್ನೂ ಇಟ್ಟುಕೊಳ್ಳುತ್ತೇನೆ, ಹರಿಹರಕ್ಕೂ ಹಾಗೇ ಕಳಿಸುತ್ತೇನೆ. ಮೊನ್ನೆ ತಂಗಿ ಫೋನು ಮಾಡಿ, ಒಂದೇ ಪಾಠ ನನ್ನ ಹತ್ತಿರ ಮೂರು ಇದೆ, ಒಂದರಲ್ಲಿ ಭಾವನ ದನಿ, ಎರಡರಲ್ಲಿ ನಿನ್ನ ದನಿ, ಯಾವುದು ಸರಿ ಎಂದು ಕೇಳಿದಳು. ಅವರನ್ನು ಕೇಳಿ ಹೇಳುತ್ತೇನೆ ಅಂದೆ. ಅವರು ಆಗ ಹಲಗೆಯ ಮುಂದೆ ನಿಂತಿದ್ದರು, ತುಟಿಯಲ್ಲೇ ಏನನ್ನೋ ಎಣಿಸುತ್ತಿದ್ದರು. ಇನ್ನೂ ಕೇಳಿಲ್ಲ.