ಏಣಿಯ ಮುರಿದ ಮೆಟ್ಟಿಲು

ನಮ್ಮ ದೊಡ್ಡಮ್ಮ ಮರದ ಹಲಗೆಯಲ್ಲಿ ಚಿತ್ರ ಕೆತ್ತುವವಳು. ಹಲಗೆಗೆ ಬಣ್ಣ ಬಳಿದು ಕಾಗದಕ್ಕೆ ಒತ್ತಿದರೆ ಚಿತ್ರ. ಚಿಕ್ಕ ವಯಸ್ಸಿನಲ್ಲಿ ಒಬ್ಬ ಅಂಗಡಿಯವನನ್ನು ನಂಬಿ ಹಲಗೆಯನ್ನೇ ಕೊಟ್ಟುಬಿಟ್ಟಿದ್ದಳು. ಆ ಪುಣ್ಯಾತ್ಮ ಅವಳ ಹಕ್ಕಿಯನ್ನು ಸೋಪಿನ ಡಬ್ಬಿಯ ಮೇಲೆ ಕೂರಿಸಿದ. ಸಾಲದ್ದಕ್ಕೆ ಅದರ ಕೊಕ್ಕನ್ನೂ ತಿದ್ದಿದ. ಕೇಳಹೋದರೆ, "ಕೊಟ್ಟ ಮೇಲೆ ನಿಂದೇನಮ್ಮಾ?" ಅಂದ.

ಬಿಸಿ ತಾಕಿದ ಮೇಲೆ ತನ್ನಂಥ ನಾಲ್ವರನ್ನು ಸೇರಿಸಿ ಕೂಟ ಕಟ್ಟಿದಳು. ಒಂದು ಹಳೇ ಗ್ಯಾರೇಜು, ಎಲ್ಲರಿಗೂ ಸೇರಿ ಒಂದೇ ಪ್ರೆಸ್ಸು. ಒಂದು ಚಿತ್ರಕ್ಕೆ ಬಣ್ಣಕ್ಕೊಂದು ಹಲಗೆ. ಯಾರ ಚಿತ್ರದ ಹಲಗೆಯೂ ಅವರ ಮನೆಯಲ್ಲಿರಕೂಡದು, ಉಳಿದವರು ಒಂದೊಂದನ್ನು ಕಾಯಬೇಕು. ಎಲ್ಲರೂ ಒಪ್ಪಿ ತಂದರೆ ಮಾತ್ರ ಚಿತ್ರ. ಕಾಯುವವರೇ ಆ ಹಲಗೆಗೆ ಬಣ್ಣ ಬಳಿದು ಒತ್ತಬೇಕು. ಹಲಗೆಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಡಬೇಕು, ಚಿತ್ರದ ಒಡೆಯ ಹೇಳದೆ ಬಿಚ್ಚಬಾರದು. ಹಲಗೆ ಹೇಗೇ ಕೆಟ್ಟರೂ ಅದನ್ನು ಕಾಯುವವರು ಕೂಟ ಬಿಡಬೇಕು. ಈ ಕೊನೆಯದಂತೂ ದೊಡ್ಡಮ್ಮನೇ ಹಟ ಹಿಡಿದು ಮಾಡಿದ ನಿಯಮ.

ಕೂಟದಲ್ಲೊಬ್ಬರಾದ ಗಡ್ಡದ ಮಾಮನ ಚಿತ್ರವೊಂದರಲ್ಲಿ ಮುದುಕಿಯೊಬ್ಬಳು ಏಣಿ ಹತ್ತುತ್ತಾಳೆ. ಕೆತ್ತುವಾಗ ಉಳಿ ಜಾರಿ ಒಂದು ಮೆಟ್ಟಿಲು ಮುರಿದಿತ್ತು. ಒತ್ತಿದಾಗಲೆಲ್ಲ ಮಾಮ ಗೊಣಗುತ್ತಿದ್ದರು. ಅದರ ಕಪ್ಪು ಗೆರೆಗಳ ಹಲಗೆ ದೊಡ್ಡಮ್ಮನ ಗೋಡೆ ಬೀರುವಿನಲ್ಲಿತ್ತು. ಬಹಳ ದಿನದ ಮೇಲೆ ಮಾಮ ಆ ಚಿತ್ರ ಒತ್ತೋಣ ಎಂದು ಹೇಳಿ ಕಳಿಸಿದರು. ಗಂಟು ಬಿಚ್ಚಿದರೆ ಒಳಗೆ ಬರೀ ಮಣ್ಣು, ಪುಡಿ. ಗೆದ್ದಲು!

"ಬಾಗಿಲಿಗೆ ಐದು ಬೀಗ ಹಾಕಿದ್ರಿ, ಕಳ್ಳ ನೆಲದಿಂದ ಬಂದ," ಅಂದರು ದೊಡ್ಡಪ್ಪ. ದೊಡ್ಡಮ್ಮನಿಗೆ ನಗು ಬರಲಿಲ್ಲ. "ಕೂಟ ಬಿಟ್ಟು ನಾನೆಲ್ಲಿಗೆ ಹೋಗ್ಲಿ?" ಎಂದು ಅಡುಗೆಮನೆಯ ಮೆಟ್ಟಿಲ ಮೇಲೆ ಕುಸಿದಳು.

ಮರುದಿನ ನಾನು ಹೋದಾಗ ಆ ಚಿತ್ರದ ಹಳೇ ಪ್ರತಿ ಒಂದನ್ನು ಕಿಟಕಿ ಗಾಜಿಗೆ ತಿರುವಿ ಅಂಟಿಸಿದ್ದಳು. ಎಡ ಬಲವಾಗಿ ಕಾಣುತ್ತಿದ್ದ ಮುದುಕಿಯನ್ನು ಒಮ್ಮೆ ನೋಡುವಳು, ಆಮೇಲೆ ಕಣ್ಣು ಮುಚ್ಚಿ ಹೊಸ ಹಲಗೆಯ ಮೇಲೆ ಬೆರಳಾಡಿಸುವಳು. ಅಷ್ಟು ವರ್ಷ ಬಣ್ಣ ಬಳಿದ ಬೆರಳಿಗೆ ಪ್ರತಿ ಗೆರೆಯೂ ಬಾಯಿಪಾಠ. ಉಳಿ ಇಟ್ಟರೆ ಮರ ತಾನಾಗಿ ದಾರಿ ಬಿಡುತ್ತಿತ್ತು. ದಿನಾ ನನಗೆ ಸಾರು ಬಡಿಸುವ ಕೈಯೇ ಇದು ಎಂದು ನಂಬಲಾಗಲಿಲ್ಲ.

ಗ್ಯಾರೇಜಿನಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಒಂದು ಕಡೆ ಗೆದ್ದಲಿನ ಪುಡಿ, ಇನ್ನೊಂದು ಕಡೆ ಹೊಸ ಹಲಗೆ ಇಟ್ಟಳು. "ನಿಯಮ ನಿಯಮವೇ. ಇದನ್ನ ಒತ್ತಿಕೊಟ್ಟು ಹೋಗ್ತೀನಿ."

ಉಳಿದವರು ತಮ್ಮ ತಮ್ಮ ಬಣ್ಣ ಒತ್ತಿದ ಮೇಲೆ ಅವಳು ಕಪ್ಪು ಒತ್ತಿದಳು. ಗಡ್ಡದ ಮಾಮ ಕಾಗದ ಎತ್ತಿ ಬೆಳಕಿಗೆ ಹಿಡಿದರು. ಅವರ ಬೆರಳು ಏಣಿಯ ಮೇಲೆ ಬಂದು ನಿಂತಿತು. ಮೆಟ್ಟಿಲು ಮೊದಲಿನಂತೆಯೇ ಮುರಿದಿತ್ತು.

"ಅಕ್ಕಾ, ಇದನ್ನ ನೋಡಿ ನೋಡಿ ನಾನು ಬೈಕೊಳ್ಳೋದು ನಿಂಗೆ ಗೊತ್ತು. ಹೇಗೂ ಹೊಸದಾಗಿ ಕೆತ್ತಿದೆ, ಸರಿ ಮಾಡಬಾರದಿತ್ತಾ?"

"ತಿದ್ದೋಕೆ ನಾನ್ಯಾರಪ್ಪಾ? ಚಿತ್ರ ನಿಂದು."

ಮಾಮ ಕಾಗದ ಕೆಳಗಿಟ್ಟರು. ಆಮೇಲೆ ಹೊಸ ಹಲಗೆಯ ಬಣ್ಣ ಒರೆಸಿ, ಬಟ್ಟೆಯಲ್ಲಿ ಸುತ್ತಿ, ಗಂಟು ಬಿಗಿದು ದೊಡ್ಡಮ್ಮನ ಮಡಿಲಿಗಿಟ್ಟರು.

"ತಗೊಂಡು ಹೋಗಿ ಇಟ್ಕೋ," ಅಂದರು. "ಗೆದ್ದಲಿನ ಔಷಧಿ ನಾನು ತರ್ತೀನಿ."