ಕೈಗೆ ಬಾರದ ಚಿಪ್ಪು

ಕೊಬ್ಬರಿ ತಾನಾಗಿ ಚಿಪ್ಪು ಬಿಟ್ಟು ಹೊರಗೆ ಬರುವುದಿಲ್ಲ. ಹತ್ತಿರ ಹತ್ತಿರ ಒಂದು ವರ್ಷ ಅಟ್ಟದಲ್ಲಿ ಒಣಗಿದ ಕಾಯನ್ನು ಯಾರಾದರೂ ಸುಲಿಯಬೇಕು, ಇನ್ಯಾರಾದರೂ ನೆಲದ ಮೇಲೆ ಕೂತು, ಒಳಗಿನ ಉಂಡೆ ಸೀಳದ ಹಾಗೆ ಚಿಪ್ಪು ಒಡೆದು ಬಿಡಿಸಬೇಕು. ತೆಂಗಿನ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಹರಾಜಿನ ದಿನ ಕ್ವಿಂಟಾಲಿನ ರೇಟು ಕೇಳುವವರಲ್ಲಿ ಒಡೆದವರು ಯಾರು ಅಂತ ಕೇಳಿದ ಒಬ್ಬರನ್ನು ತೋರಿಸಿ ನೋಡೋಣ.

ನೊಣವಿನಕೆರೆ ಕಡೆಯ ಪುಟ್ಟಗಂಗಮ್ಮ ಒಡೆಯುವವಳು. ಮದುವೆಯಾಗಿ ಬಂದಾಗಿನಿಂದ ತೋಟದ ಮನೆಯ ಶಿವರುದ್ರಮ್ಮನವರ ಅಂಗಳದಲ್ಲೇ ಅವಳ ಕೂಲಿ. ಗಂಡ ಬೆಟ್ಟಸ್ವಾಮಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಸೊಂಟ ಹಿಡಿದ ಮೇಲೆ ವಾರಕ್ಕೆ ಒಂದೆರಡು ದಿನ ಹೋದರೆ ಅದೇ ಹೆಚ್ಚು. ಮಗಳು ಆಶಾ ತಿಪಟೂರಿನ ಕಾಲೇಜಿಗೆ ಬಸ್ಸಲ್ಲಿ ಹೋಗಿಬರುತ್ತಾಳೆ. ಅವತ್ತಿನ ಕೂಲಿ ಅವತ್ತಿನ ಸಂಜೆಗೇ ಅಂಗಡಿ ಸೇರುತ್ತದೆ: ಚೂರು ಎಣ್ಣೆ, ಹಿಡಿ ಬೇಳೆ, ಓದುವ ಹುಡುಗಿಗೆ ಅಂತ ಒಂದು ಮೊಟ್ಟೆ. ಗ್ಯಾಸ್ ಸಿಲಿಂಡರು ಮೂಲೆಯಲ್ಲಿ ಖಾಲಿ ನಿಂತಿದೆ, ಅದರ ಮೇಲೆ ರಾಗಿ ಹಿಟ್ಟಿನ ಡಬ್ಬ ಕೂತಿದೆ. ಒಲೆಗೆ ಅಂತ ಅವಳು ಯಾವತ್ತೂ ಕಾಸು ಎತ್ತಿಟ್ಟವಳಲ್ಲ. ಒಲೆಗೆ ಚಿಪ್ಪಿತ್ತು.

ಧರ್ಮಕ್ಕೆ ಸಿಗುತ್ತಿದ್ದ ಚಿಪ್ಪಲ್ಲ ಅದು. ಪಕ್ಕದ ತೋಟದವರು ಜಾಸ್ತಿ ಕೂಲಿ ಕೊಡುತ್ತಾರೆ ಎಂದು ಗಂಗಮ್ಮ ಹಿಂದೊಮ್ಮೆ ಬಾಯಿಬಿಟ್ಟಾಗ ಶಿವರುದ್ರಮ್ಮನೇ ಹೇಳಿದ್ದರು:

"ಅವ್ರು ಚಿಪ್ಪು ಕೊಟ್ಟಾರೇನೇ? ಕೂಲಿ ಒಂಚೂರು ಕಮ್ಮಿ ಇರ್ಲಿ, ದಿನಾ ಒಂದು ಚೀಲ ಚಿಪ್ಪು ನಿಂದು. ನೀನೇನು ಹೊರಗ್ನೋಳಾ? ನಮ್ಮನೆಯೋಳು ಕಣೇ."

ಆ ಮನೆಯ ಸೊಸೆಯ ಬಾಣಂತನದಲ್ಲಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕಿದವಳು ಗಂಗಮ್ಮ. ನಂಬಿದಳು. ಕಮ್ಮಿ ಕೂಲಿಗೆ ಒಪ್ಪಿದಳು.

ಈಗ ಚಿಪ್ಪಿಗೂ ರೇಟು ಬಂದಿದೆ. ಇದ್ದಿಲು ಮಾಡುವವರು ಲಾರಿ ತಂದು ಅಂಗಳದಲ್ಲೇ ತೂಕ ಹಾಕಿ ಒಯ್ಯುತ್ತಾರೆ. ಶಿವರುದ್ರಮ್ಮನವರ ಅಂಗಳಕ್ಕೂ ಲಾರಿ ಬಂತು. ಗಂಗಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಅವಳು ಎಂದಿನಂತೆ ಚೀಲ ತುಂಬಿ, ತಲೆಗೆ ಎತ್ತಿಕೊಳ್ಳಲು ಜೊತೆ ಕೂಲಿಯವಳಾದ ರುಕ್ಸಾನಳನ್ನು ಕರೆದಳು.

"ಏ ಗಂಗೀ, ಎಲ್ಲಿಗೇ ಹೊತ್ಕೊಂಡು ಹೊಂಟೆ?" ಜಗುಲಿಯಿಂದ ಶಿವರುದ್ರಮ್ಮನ ದನಿ.

"ಮನೆಗೆ ಕಣವ್ವಾ. ಚಿಪ್ಪು."

"ಚಿಪ್ಪು ಅಂತ ನಂಗೂ ಕಾಣ್ತೈತೆ. ಹೇಳ್ದೆ ಕೇಳ್ದೆ ತುಂಬ್ಕೊಂಡು ಹೋದ್ರೆ ಅದಕ್ಕೇನಂತಾರೆ? ಸುರಿ ಅಲ್ಲಿ."

ತೂಕ ಹಾಕುತ್ತಿದ್ದ ಲಾರಿಯವನು ತಿರುಗಿ ನೋಡಿದ.

"ನೀವೇ ಅಲ್ವಾ ಅಂದಿದ್ದು, ನಿಂದು ಅಂತ?"

"ಅಂದಿದ್ದೆ. ಅವಾಗ ಅದು ತಿಪ್ಪೆಗೆ ಹೋಗ್ತಿತ್ತು."

"ಹಂಗಾದ್ರೆ ಮುರ್ಕೊಂಡಿರೋ ಕೂಲಿನಾರಾ ಕೊಡ್ರವ್ವಾ."

"ಬತ್ತೀನಿ ಅಂದ್ರೆ ಬಾ, ಆಗಲ್ಲ ಅಂದ್ರೆ ಬುಡು. ಒಡೆಯೋಕೆ ಬೇಕಾದಷ್ಟು ಜನ ಅವ್ರೆ."

ಗಂಗಮ್ಮ ಚೀಲ ಬೋರಲು ಹಾಕಿದಳು. ಕೂಲಿ ಮುರಿಯುವಾಗ ಮನೆಯವಳು, ಚಿಪ್ಪು ಒಯ್ಯುವಾಗ ಕಳ್ಳಿ. ಎರಡೂ ಒಂದೇ ಬಾಯಿಂದ ಬಂದದ್ದು.

ದಾರಿಯಲ್ಲಿ ರುಕ್ಸಾನ ಅಂದಳು, "ಗಂಗಕ್ಕಾ, ಮನೆ ಮುಳುಗ್ದೋರ ಕೈಗೆ ಚಿಪ್ಪು ಬಂತು ಅಂತಾರೆ. ನಮ್ಗೆ ಅದ್ರ ಯೋಗ್ತೇನೂ ಇಲ್ವಲ್ಲಕ್ಕಾ!"

ಗಂಗಮ್ಮನಿಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟು. "ಇಲ್ಲಿ ಬಾಯಿ ಜೋರು ಕಣೇ ನಿಂದು. ಅಲ್ಲಿ ಯಾಕೆ ಬೀಗ ಹಾಕ್ಕೊಂಡಿದ್ದೆ?"

ರುಕ್ಸಾನ ದುಪಟ್ಟ ಎಳೆದುಕೊಂಡಳು. "ನಾಳೆ ನಂಗೂ ಕೆಲ್ಸ ಬೇಕಲ್ಲಕ್ಕಾ."

ಆ ಸಂಜೆ ಗಂಗಮ್ಮ ಬೇಳೆ, ಮೊಟ್ಟೆ ಎರಡನ್ನೂ ಬಿಟ್ಟು ಒಂದು ಕಟ್ಟು ಸೌದೆ ತಂದಳು. ಹಸಿ ಸೌದೆ. ಮನೆ ತುಂಬ ಹೊಗೆ.

"ಮೊಟ್ಟೆ ಎಲ್ಲವ್ವಾ?" ಆಶಾ ಕೇಳಿದಳು.

"ಒಲೇಲಿ ಉರೀತೈತೆ ನೋಡು."

ಬೆಟ್ಟಸ್ವಾಮಿ ಗೋಡೆಗೆ ಒರಗಿದ್ದಲ್ಲಿಂದಲೇ, "ನಾಳೆ ಹೋಗ್ಬ್ಯಾಡ ಬುಡು ಅತ್ಲಾಗೆ," ಅಂದ.

"ಹೋಗ್ದೆ? ನೀನು ಮೂಟೆ ಹೊತ್ತು ಸಾಕ್ತೀಯಾ?" ಅಂದುಬಿಟ್ಟಳು. ಯಾರಿಗೋ ಅನ್ನಬೇಕಾದದ್ದು ಅವನ ಪಾಲಿಗೆ ಬಿದ್ದಿತ್ತು.

ಬೆಳಗ್ಗೆ ಹೋದಳು. ಶಿವರುದ್ರಮ್ಮ ಏನೂ ನಡೆದೇ ಇಲ್ಲ ಎನ್ನುವ ಹಾಗೆ ಮೊಮ್ಮಗನನ್ನು ಎತ್ತಿ, "ಗಂಗಮ್ಮ ಬಂದ್ಲು ನೋಡೋ ಕಂದಾ," ಎಂದರು. ಕೂಸು ಎರಡೂ ಕೈ ಚಾಚಿತು. ಗಂಗಮ್ಮ ಎತ್ತಿಕೊಳ್ಳಲಿಲ್ಲ. ನೆಲದ ಮೇಲೆ ಕೂತು ಒಡೆಯಲು ಶುರು ಮಾಡಿದಳು, ಅದೇ ಹಳೇ ಕೂಲಿಗೆ.

ಇದನ್ನು ಓದುತ್ತಿರುವ ನಿಮ್ಮ ಅಂಗಳದಲ್ಲೂ ಒಬ್ಬಳು ಕೂತಿರುತ್ತಾಳೆ. ಚಿಪ್ಪು ಮಾರಿಕೊಳ್ಳಿ, ಬೇಡ ಅಂದವರು ಯಾರು? ಆದರೆ ಅದರ ಹೆಸರು ಹೇಳಿ ಹಿಡಿದುಕೊಂಡ ಕೂಲಿ ಅವಳದು. ಲಾರಿಯವನು ನೋಟು ಎಣಿಸುವಾಗ ಅವಳನ್ನು ಕೂಗಿ ಕರೆಯಿರಿ; ಅವನ ಎದುರಿಗೇ ಅವಳ ದುಡ್ಡನ್ನು ಅವಳ ಕೈಗಿಡಿ.