ರಾಮಾಂಜನೇಯ ಬಿಚ್ಚಿ ಹಾಕಿದ ತಗಡು

ಕೌತಾಳಂನಿಂದ ಆದೋನಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನಲ್ಲಿ ರಾಮಾಂಜನೇಯ ಎಂದರೆ ಮೋಟಾರು ಕಟ್ಟುವವನು. ಹೊಲದ ನೀರೆತ್ತುವ ಮೋಟಾರು ಸುಟ್ಟರೆ ರೈತರು ಅದನ್ನು ಬೈಕಿನ ಹಿಂದೆ ಕಟ್ಟಿಕೊಂಡು ಅವನ ಅಂಗಡಿಗೆ ಬರುತ್ತಾರೆ. ಅವನು ಕರಕಲಾದ ತಂತಿಯನ್ನು ಕಿತ್ತು ತೆಗೆದು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ ಒಣಗಿಸಿ ಕೊಡುತ್ತಾನೆ. ಕೊಡುವಾಗ ಒಂದಿಷ್ಟು ಬೈಗುಳವೂ ಸೇರಿರುತ್ತದೆ. ಬಿಸಿಲು ಮಳೆಗೆ ಹೆದರಿ ರೈತರು ಮೋಟಾರಿನ ಮೇಲೆ ಗೋಣಿಚೀಲ ಹೊದಿಸುತ್ತಾರೆ. ಒಳಗಿನ ಬಿಸಿ ಹೊರಗೆ ಹೋಗಲು ದಾರಿಯಿಲ್ಲದೆ ತಂತಿ ಸುಡುತ್ತದೆ.

“ಮಷೀನಿಗೆ ಚಳಿಜ್ವರ ಬಂದೈತೇನ್ರಿ, ಹಿಂಗ ಹೊಚ್ಚಿಟ್ಟೀರಿ? ಮುಚ್ಚಬ್ಯಾಡ್ರಿ. ಉಸರಾಡಾಕ ಬಿಡ್ರಿ.”

ಹೀಗೆ ಹೇಳಿ ಹೇಳಿ ಆ ಮಾತು ಅವನೊಳಗೆ ವೇದವಾಗಿ ಕೂತುಬಿಟ್ಟಿತ್ತು.

ಅವನ ಹೆಂಡತಿ ರಾಣಿ ಅವನ ಸ್ವಂತ ಅಕ್ಕನ ಮಗಳು. ಚಿಕ್ಕಂದಿನಿಂದ ಕರೆದಂತೆ ಈಗಲೂ ‘ಮಾವ’ ಎಂದೇ ಕರೆಯುತ್ತಾಳೆ. ಮೊದಲ ಹೆರಿಗೆಯ ನೋವು ಬಂದಾಗ ಆಕೆಯನ್ನು ಆಟೋದಲ್ಲಿ ಆದೋನಿಗೆ ಕರೆದುಕೊಂಡು ಹೊರಟಿದ್ದ. ಹತ್ತಿ ಲಾರಿಗಳ ಹಿಂದೆ ಆಟೋ ತೆವಳಿತು, ಏರು ಬಂದಲ್ಲಿ ನಿಂತು ನಿಂತು ಹತ್ತಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊಟ್ಟೆಯೊಳಗಿನ ಕೂಸು ಮಿಸುಕಾಡುವುದನ್ನು ಬಿಟ್ಟಿತ್ತು. “ಕೊಂಚೆಂ ಮುಂದು ವಚ್ಚುಂಟೇ...” ಎಂದರು ಡಾಕ್ಟರಮ್ಮ. ಸ್ವಲ್ಪ ಮೊದಲು ಬಂದಿದ್ದರೆ. ಆ ತೆಲುಗು ಮಾತು ರಾಮಾಂಜನೇಯನ ತಲೆಯಲ್ಲಿ ಮೊಳೆಯಂತೆ ನಿಂತಿತು.

ರಾಣಿ ಮತ್ತೆ ಬಸುರಿಯಾದಾಗ ಅವನು ಒಂದು ಹಳೆಯ ಪೆಟ್ರೋಲ್ ಕಾರು ಕೊಂಡ. ಮದುವೆಯ ಬಾಡಿಗೆಗೆ ಓಡಿಸಲಿಕ್ಕಲ್ಲ, ಮೆರೆಯಲಿಕ್ಕೂ ಅಲ್ಲ. ಈ ಸಲ ಕೂಸು ದಾರಿಯಲ್ಲಿ ಹೋಗಬಾರದು, ಅಷ್ಟೇ. ಆದರೆ ಕಾರು ಮುದುಕನಂತಿತ್ತು. ಮನೆಯವರು ಕೂತರೆ ಏರಿನಲ್ಲಿ ಏದುಸಿರು ಬಿಡುತ್ತಿತ್ತು. ಅದನ್ನು ಕೇಳಿದಾಗಲೆಲ್ಲ ಅವನಿಗೆ ಆ ಆಟೋ ನೆನಪಾಗಿ ಬೆವರು ಬರುತ್ತಿತ್ತು.

ಆಗ ಅವನು ಫೋನಿನಲ್ಲಿ ವಿಡಿಯೋ ನೋಡತೊಡಗಿದ. ಹಳೆಯ ಕಾರಿಗೆ ಹೊಸ ಓಟ ಕೊಡುವುದು ಹೇಗೆ ಎಂದು ತೆಲುಗಿನ ಹುಡುಗನೊಬ್ಬ ನಗುನಗುತ್ತಾ ಹೇಳುತ್ತಿದ್ದ. ಗಾಳಿ ಸಲೀಸಾಗಿ ಒಳಗೆ ಹೋಗುವ ಫಿಲ್ಟರ್, ಹೊಗೆ ಸಲೀಸಾಗಿ ಹೊರಗೆ ಬರುವ ಅಗಲ ಸೈಲೆನ್ಸರ್, ಕಾರನ್ನು ತಗ್ಗಿಸಿ ರಸ್ತೆಗೆ ಅಂಟಿಸುವ ಗಿಡ್ಡ ಸ್ಪ್ರಿಂಗು. ಎಲ್ಲವನ್ನೂ ಮನೆಯಲ್ಲೇ ಹಾಕಿಕೊಳ್ಳಬಹುದಂತೆ. ರಾಮಾಂಜನೇಯನಿಗೆ ಇದು ಹೊಸದೆನಿಸಲಿಲ್ಲ. ಉಸಿರಾಡಲು ಬಿಡಬೇಕು ಎಂದು ಅವನು ಹೇಳುತ್ತಾ ಬಂದದ್ದೂ ಇದನ್ನೇ ಅಲ್ಲವೇ?

ಆದೋನಿಯಿಂದ ಸಾಮಾನು ತಂದ. ಮೆಕ್ಯಾನಿಕ್ ಹತ್ತಿರ ಹಾಕಿಸು ಎಂದು ಅಂಗಡಿಯವನು ಹೇಳಿದ್ದಕ್ಕೆ, “ನಾನೂ ಮೆಕ್ಯಾನಿಕ್ಕೇ” ಎಂದು ಬಂದಿದ್ದ.

ಫಿಲ್ಟರ್ ಹಾಕಿದ್ದು ಸುಲಭವಾಯಿತು. ಸ್ಪ್ರಿಂಗು ಹಾಕುವ ದಿನ ಅಂಗಳದ ಎರೆಮಣ್ಣಿನ ಮೇಲೆ ಜಾಕ್ ಇಟ್ಟು ಕಾರು ಎತ್ತಿದ. ಚಕ್ರ ಬಿಚ್ಚಿ ಕೆಳಗೆ ಕೈ ಹಾಕಿದ್ದನಷ್ಟೆ, ಅವನ ತಾಯಿ ಪಕೀರಮ್ಮ ಕಿರುಚಿದಳು.

“ಲೇ ರಾಮಾಂಜೀ, ಕೈ ತಗೀ!”

ಕೈ ಎಳೆದುಕೊಂಡ. ಜಾಕು ಮಣ್ಣಿನಲ್ಲಿ ಹೂತು ವಾಲಿ, ಕಾರು ಧೊಪ್ಪನೆ ಕೂತಿತು. ಅಂಗಳದ ಕೋಳಿಗಳೆಲ್ಲ ಹಾರಿದವು.

“ಅದು ನಿನ್ನ ಬ್ಯಾಡ ಅನ್ನಾಕತ್ತೈತಿ ಕಣಲೇ,” ಎಂದಳು ಪಕೀರಮ್ಮ, ಎದೆಯ ಮೇಲೆ ಕೈಯಿಟ್ಟುಕೊಂಡು.

“ಕಾರು ಮಾತಾಡತೈತೇನವ್ವ? ಮಣ್ಣು ಮೆತ್ತಗೈತಿ, ಅಷ್ಟ.”

ಕಡಪ ಬಂಡೆ ತಂದು ಹಾಸಿ ಅದರ ಮೇಲೆ ಜಾಕಿಟ್ಟು ಕೆಲಸ ಮುಗಿಸಿದ. ಕಾರು ಈಗ ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಕಾಣುತ್ತಿತ್ತು. “ನನ್ನಂಗ ಇದಕ್ಕೂ ದಿನ ತುಂಬ್ಯಾವೇನೋ,” ಎಂದು ರಾಣಿ ನಕ್ಕಳು. ಅವನೂ ನಕ್ಕ.

ಕೊನೆಗೆ ಉಳಿದದ್ದು ಸೈಲೆನ್ಸರ್. ಅದನ್ನು ಜೋಡಿಸಲು ಕೆಳಗೆ ಮಲಗಿದಾಗ, ಎಂಜಿನ್ನಿನಿಂದ ಬರುವ ಪೈಪಿನ ದಪ್ಪ ಭಾಗಕ್ಕೆ ಕಂಪನಿಯವರು ತಗಡಿನ ಕವಚ ಹೊದಿಸಿದ್ದು ಕಂಡಿತು. ಹೊಸ ಪೈಪು ಕೂಡಿಸಲು ಅದು ಅಡ್ಡ ಬರುತ್ತಿತ್ತು. ತುಕ್ಕು ಹಿಡಿದು ಗಲಗಲ ಎನ್ನುತ್ತಲೂ ಇತ್ತು. ಇಷ್ಟು ಬಿಸಿಯಾಗುವ ಜಾಗಕ್ಕೆ ಮುಚ್ಚಳ ಯಾಕೆ? ರೈತರು ಗೋಣಿಚೀಲ ಹೊದಿಸಿದ ಹಾಗೆಯೇ ಆಯಿತು. ಅವನು ಬೋಲ್ಟು ಬಿಚ್ಚಿ ತಗಡನ್ನು ಅಂಗಳದ ಮೂಲೆಗೆ ಎಸೆದ. ಬಿಸಿಯನ್ನು ಒಳಗೆ ಇಟ್ಟುಕೊಳ್ಳಲಿಕ್ಕಲ್ಲ, ಕೆಳಗಿನ ನೆಲಕ್ಕೆ ಬೀಳದಂತೆ ತಡೆಯಲಿಕ್ಕೆ ಅದು ಅಲ್ಲಿತ್ತು ಎಂದು ಅವನಿಗೆ ಹೊಳೆಯಲಿಲ್ಲ. ಬಾವಿ ದಂಡೆಯ ಮೋಟಾರು ಕೂತಲ್ಲೇ ಇರುತ್ತದೆ. ಕಾರಿನ ಕೆಳಗೆ ಏನೇನು ಬರುತ್ತದೆ ಎಂಬ ಯೋಚನೆ ಮೋಟಾರು ಕಟ್ಟುವವನಿಗೆ ಯಾಕೆ ಬಂದೀತು?

ಕಾರು ಹಾರಿತು. ಏರನ್ನು ಏರೆಂದು ಲೆಕ್ಕಿಸಲಿಲ್ಲ. ಹಿಂತಿರುಗಿ ಬಂದು ಅಂಗಳದಲ್ಲಿ ನಿಲ್ಲಿಸಿದ. ಮರುದಿನ ಕಸ ಗುಡಿಸುವಾಗ ಪಕೀರಮ್ಮ ಕಾರು ನಿಂತ ಜಾಗ ತೋರಿಸಿದಳು. ಅಲ್ಲಿನ ಒಣ ಗರಿಕೆ ಒಂದು ಅಂಗೈ ಅಗಲದಷ್ಟು ಕಪ್ಪಾಗಿತ್ತು.

“ಇದೇನೋ ಇದು? ಯಾರಾದ್ರೂ ಬೀಡಿ ಒಗೆದಾರೇನು?”

ರಾಮಾಂಜನೇಯ ಬಗ್ಗಿ ನೋಡಿದ. ಅವನ ಮುಖ ಅರಳಿತು. “ಬೀಡಿ ಅಲ್ಲವ್ವ. ನೋಡು, ಬಿಸಿ ಎಲ್ಲಾ ಹೊರಗ ಬರಾಕತ್ತೈತಿ. ಕೆಲಸ ಚೊಲೋ ಆಗೈತಿ.”

ಪಕೀರಮ್ಮ ಆ ಕಪ್ಪನ್ನು ಕಾಲಿನಿಂದ ಒರೆಸಿದಳು. ಅದು ಹೋಗಲಿಲ್ಲ.

ಚಳಿಗಾಲ ಬಂದು ಹುರುಳಿ ಕಿತ್ತರು. ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ಡಾಂಬರು ರಸ್ತೆಯೇ ಕಣ. ಕಿತ್ತ ಬಳ್ಳಿಯನ್ನು ರಸ್ತೆಗೆ ಅಡ್ಡವಾಗಿ ಮೊಣಕಾಲು ಎತ್ತರ ಹಾಸಿ, ಎರಡೂ ಕಡೆ ಕಲ್ಲು, ಜಾಲಿ ಮುಳ್ಳು ಇಟ್ಟು ಹೆಂಗಸರು ನೆರಳಲ್ಲಿ ಕೂರುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರು ಹಾದಷ್ಟೂ ಕಾಳು ಉದುರುತ್ತದೆ. ಬೇಡವೆಂದು ಪಕ್ಕಕ್ಕೆ ಇಳಿಸಿ ಹೋದವನನ್ನು ಯಾರೂ ಮರೆಯುವುದಿಲ್ಲ. ಗುರುತಿನವರಾದರೆ ಒಂದು ಸಲ ಹೆಚ್ಚಿಗೆ ಓಡಾಡಿ ಹೋಗಬೇಕೆಂಬುದು ಕೇಳದೆಯೇ ನಡೆಯುವ ಮರ್ಯಾದೆ.

ರಾಣಿಗೆ ನೋವು ಬಂದದ್ದು ಅಂಥ ಒಂದು ದಿನ, ಉಂಡ ಹೊತ್ತಿಗೆ. ಬಿಸಿಲು ಚೆನ್ನಾಗಿತ್ತು, ಗಾಳಿಯೂ ಇತ್ತು.

“ನೂರಾ ಎಂಟಕ್ಕ ಫೋನ್ ಮಾಡೋ,” ಎಂದಳು ಪಕೀರಮ್ಮ.

“ಅದು ಬರೋದ್ರೊಳಗ ನಾವು ಆದೋನ್ಯಾಗ ಇರ್ತೀವಿ. ಹತ್ತವ್ವ!”

ರಾಣಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ಪಕೀರಮ್ಮನ ತೊಡೆಯ ಮೇಲೆ ಇರಿಸಿದ. ಕಾರು ಗುಡುಗುತ್ತಾ ಹೊರಟಿತು. ಹತ್ತಿ ಲಾರಿಗಳು ಒಂದೊಂದಾಗಿ ಹಿಂದೆ ಉಳಿದವು. ಏರು ದಾಟಿತು. ಆಟೋ ನಿಂತು ನಿಂತು ಹತ್ತಿದ ಏರು ಅದೇ. ಅವನಿಗೆ ಕಣ್ಣಲ್ಲಿ ನೀರು ಬಂತು.

ಏರಿನ ಆಚೆ ರಸ್ತೆಯುದ್ದಕ್ಕೂ ಹುರುಳಿ ಹಾಸಿತ್ತು. ಅದು ಪಕ್ಕದೂರಿನ ಭೀಮಕ್ಕನ ಬೆಳೆ. ಆಕೆಯ ಬಾವಿ ಮೋಟಾರನ್ನು ರಾಮಾಂಜನೇಯನೇ ಕಟ್ಟಿಕೊಟ್ಟಿದ್ದ. ಒಂದು ಬದಿಗೆ ತೆಗ್ಗು, ಇನ್ನೊಂದು ಬದಿಗೆ ಮುಳ್ಳು. ಭೀಮಕ್ಕ ಎದ್ದು ಕೈ ಬೀಸಿ ಕರೆದಳು. “ಬಾರಪ್ಪಾ ರಾಮಾಂಜೀ, ಹೊಸಾ ಗಾಡಿ ಹೊಡಕೊಂಡು ಬಾ!”

ಅವನು ಹುರುಳಿಯ ಮೇಲೇ ಹೊಡೆದ. ತಗ್ಗಿದ ಕಾರಿನ ಹೊಟ್ಟೆ ಬಳ್ಳಿಯನ್ನು ಬಾಚಿಕೊಂಡಿತು. ಚಕ್ರಕ್ಕೆ ಸುತ್ತಿಕೊಂಡದ್ದು, ಪೈಪಿಗೆ ಸಿಕ್ಕಿಕೊಂಡದ್ದು ಎಲ್ಲವನ್ನೂ ಎಳೆದುಕೊಂಡು ಕಾರು ಆಚೆ ಹೊರಬಂತು.

“ಮಾವಾ,” ಎಂದಳು ರಾಣಿ, ನೋವಿನ ನಡುವೆ. “ಏನೋ ಸುಟ್ಟ ವಾಸನಿ.”

“ಹೊಸಾ ಸೈಲೆನ್ಸರ್ ಐತಲ್ಲ, ಹಂಗ ಬರತೈತಿ. ನೀನು ಉಸರು ಬಿಡು, ಉಸರು ಬಿಡು.”

ಕನ್ನಡಿಯಲ್ಲಿ ಭೀಮಕ್ಕ ಓಡಿಬರುವುದು ಕಂಡಿತು. ಸೆರಗು ಬಿಚ್ಚಿ ಬೀಸುತ್ತಿದ್ದಳು. ಇನ್ನೊಮ್ಮೆ ತಿರುಗಿಸಿಕೊಂಡು ಬಾ ಎನ್ನುತ್ತಿದ್ದಾಳೆ ಎಂದುಕೊಂಡ. ಇದೇನು ಮರ್ಯಾದೆ ನೋಡುವ ಹೊತ್ತೇ ಎಂದು ಸಿಟ್ಟಾಗಿ ಇನ್ನಷ್ಟು ಒತ್ತಿದ. ಗಾಳಿ ಕೆಳಗಿನಿಂದ ನುಗ್ಗಿತು. ಗಾಳಿಗೆ ಕಾದಿದ್ದ ಬೆಂಕಿ ಎದ್ದಿತು.

ಕಾಲಿನ ಕೆಳಗೆ ನೆಲ ಸುಡತೊಡಗಿದಾಗ ಅವನಿಗೆ ತಿಳಿಯಿತು. ಹೊಗೆ ಒಳಗೆ ತುಂಬಿತ್ತು. ಪಕೀರಮ್ಮ ಕೆಮ್ಮುತ್ತಾ ರಾಣಿಯ ಮುಖವನ್ನು ಸೆರಗಿನಿಂದ ಮುಚ್ಚಿದ್ದಳು. ನಿಲ್ಲಿಸಿ ಇಳಿದು ಹಿಂದಿನ ಬಾಗಿಲು ಎಳೆದ. ಹಿಡಿಕೆ ಕೈ ಸುಟ್ಟಿತು. ಮತ್ತೆ ಎಳೆದ. ರಾಣಿಯನ್ನು ಕಂಕುಳಲ್ಲಿ ಹಿಡಿದು ಎಳೆದುಕೊಂಡು ಹೊಲದೊಳಕ್ಕೆ ಓಡಿದ, ಅವನ ತಾಯಿ ಹಿಂದೆಯೇ ಮೊಣಕಾಲೂರಿ ಬಿದ್ದು ಎದ್ದು ಬಂದಳು. ಕಾರು ಅವರ ಕಣ್ಣೆದುರೇ ಹೊತ್ತಿಕೊಂಡಿತು. ಫೋನು ಅದರೊಳಗಿತ್ತು.

ಹಿಂದೆ ರಸ್ತೆಯ ಮೇಲೆ ಉದುರಿದ ಕಿಡಿಯಿಂದ ಭೀಮಕ್ಕನ ಹುರುಳಿಗೂ ಬೆಂಕಿ ತಗುಲಿತ್ತು. ಹೆಂಗಸರು ಬೇವಿನ ತೊಪ್ಪಲಿನಿಂದ ಬಡಿಯುತ್ತಿದ್ದರು. ಭೀಮಕ್ಕ ಅತ್ತ ನೋಡಿದಳು, ಇತ್ತ ಹೊಲದಲ್ಲಿ ಬಿದ್ದ ರಾಣಿಯನ್ನು ನೋಡಿದಳು.

“ಬಿಡ್ರೇ ಅದನ್ನ! ಸುಟ್ಟು ಹೋಗ್ಲಿ! ನೀರು ತರ್ರಿ, ಸೀರಿ ಹಿಡೀರಿ! ಒಬ್ಬಾಕಿ ಫೋನ್ ಮಾಡ್ರಿ!”

ಹೆಂಗಸರು ಸುತ್ತ ಸೀರೆ ಹಿಡಿದು ನಿಂತರು. ರಾಮಾಂಜನೇಯನನ್ನು ಆಚೆಗೆ ತಳ್ಳಿದರು. ಅವನು ಕಾರಿಗೂ ಸೀರೆಗಳಿಗೂ ನಡುವೆ ನಿಂತುಕೊಂಡ. ಒಂದು ಕಡೆಯಿಂದ ಟೈರು ಸಿಡಿಯುವ ಸದ್ದು, ಇನ್ನೊಂದು ಕಡೆಯಿಂದ ರಾಣಿಯ ಕೂಗು. ಆಮೇಲೆ ರಾಣಿಯ ಕೂಗು ನಿಂತಿತು. ಬೇರೆ ಯಾವ ಸದ್ದೂ ಬರಲಿಲ್ಲ. ಅವನು ಕಿವಿ ಮುಚ್ಚಿಕೊಂಡ. ಆದ್ದರಿಂದ ಕೂಸು ಅತ್ತದ್ದು ಅವನಿಗೆ ಕೇಳಿಸಲೇ ಇಲ್ಲ. ಭೀಮಕ್ಕ ಬಂದು ಅವನ ಕೈಗಳನ್ನು ಕಿವಿಯಿಂದ ಬಿಡಿಸಬೇಕಾಯಿತು.

“ಹೆಣ್ಣು. ಬಾಯಾಗ ಬಟ್ಟು ಹಾಕಿ, ಬೆನ್ನು ಬಡದ ಮ್ಯಾಲ ಅತ್ತಾಳ. ಆಂಬುಲೆನ್ಸ್ ಬರಾಕತ್ತೈತಿ.” ಆಮೇಲೆ ಕರಿಯಾದ ರಸ್ತೆಯ ಕಡೆಗೆ ನೋಡಿ, ಮೆಲ್ಲಗೆ ಕೇಳಿದಳು: “ನಾನು ಅಷ್ಟು ಕೂಗಿದ್ನಲ್ಲಪ್ಪಾ, ನಿನಗ ಕೇಳಸಲಿಲ್ಲೇನು?”



ಆದೋನಿಯ ಆಸ್ಪತ್ರೆಯಲ್ಲಿ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಹೊಗೆ ಕುಡಿದದ್ದರಿಂದ ಕೂಸಿನ ಎದೆಯನ್ನು ಕೆಲವು ದಿನ ನೋಡಬೇಕೆಂದೂ ಹೇಳಿದರು. ಕೂಸು ಉಸಿರೆಳೆದಾಗಲೆಲ್ಲ ಸಣ್ಣಗೆ ಗೊರಗೊರ ಎನ್ನುತ್ತಿತ್ತು. ಅವನ ಅಂಗೈಗಳಿಗೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ್ದರು. ಪಟ್ಟಿ ಬಿಚ್ಚಿದ ದಿನ ಅವನು ಸಾಬೂನು ಹಚ್ಚಿ ಕೈ ತೊಳೆದುಕೊಂಡು ಮಂಚದ ಹತ್ತಿರ ಬಂದು ಕೈ ಚಾಚಿದ.

ರಾಣಿ ಕೂಸನ್ನು ಎದೆಗೆ ಒತ್ತಿಕೊಂಡೇ ಇದ್ದಳು. ಸಿಟ್ಟು ಮಾಡಿಕೊಂಡಿರಲಿಲ್ಲ.

“ನಿನ್ನ ಮನಸು ನನಗ ಗೊತ್ತೈತಿ, ಮಾವಾ,” ಎಂದಳು. “ನಮಗಾಗಿನ ಮಾಡೀದಿ. ಆದ್ರ ನಿನ್ನ ಕೈಗೆ ಕೊಡಾಕ ಅಂಜಿಕಿ ಬರತೈತಿ. ನಾನೇನು ಮಾಡ್ಲಿ?”

ರಾಮಾಂಜನೇಯ ಕೈ ಹಿಂದಕ್ಕೆ ತೆಗೆದುಕೊಂಡು, ಸ್ಟೂಲನ್ನು ಮಂಚದಿಂದ ಸ್ವಲ್ಪ ದೂರಕ್ಕೆ ಎಳೆದು ಕೂತ. ಅಲ್ಲಿಂದಲೂ ಕೂಸಿನ ಉಸಿರು ಕೇಳಿಸುತ್ತಿತ್ತು. ಪ್ರತಿ ಸಲ ಅದು ನಿಂತು ಮತ್ತೆ ಶುರುವಾಗುವವರೆಗೆ ಅವನೂ ಉಸಿರು ಹಿಡಿದು ಕಾಯುತ್ತಿದ್ದ.